ಮುದ್ದೆ ಹೊತ್ತಿಗೆ ಮೊಬೈಲ್ ಕೆಳಗಿಡಿಸುವುದು ಹೇಗೆ?

ಕೋಲಾರದ ಕಡೆ ಸಂಜೆ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಮಗು ಮೊಬೈಲ್ ಹಿಡಿದಿರುತ್ತದೆ. ಅಡುಗೆಮನೆಯಿಂದಲೇ ಕೂಗಬೇಡಿ. ಮುದ್ದೆ ತೊಳಸುವ ಮೊದಲೇ ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ‘ಇನ್ನು 5 ನಿಮಿಷ, ಆಮೇಲೆ ಬೀರು ಮೇಲಿಡಬೇಕು’ ಅನ್ನಿ. ಹೊತ್ತಾದಾಗ ಒಂದೇ ಸಲ ಹೇಳಿ, ಕೈ ಚಾಚಿ ಅಲ್ಲೇ ನಿಲ್ಲಿ. ಕೊಡದಿದ್ದರೆ ನೀವೇ ತೆಗೆದುಕೊಳ್ಳಿ. ನಾಳೆ 10 ನಿಮಿಷ ಕಟ್. ‘ವಾರವಿಡೀ ಬಂದ್’ ಅಂತ ಬೆದರಿಸಿದರೆ ಎರಡನೇ ದಿನಕ್ಕೆ ನೀವೇ ಸೋಲುತ್ತೀರಿ, ಮಗುವಿಗೂ ಅದು ಗೊತ್ತು. ಅತ್ತರೆ ಅಳಲಿ, ಪಕ್ಕದಲ್ಲೇ ಕೂತಿರಿ. ಹೊಡೆದರೆ ಕಲಿಯುವುದು ಕದ್ದು ನೋಡುವುದನ್ನು ಮಾತ್ರ.

ಕೆಡುವುದು ಹೆಚ್ಚಾಗಿ ಅಜ್ಜಿಯ ‘ಪಾಪ, ಕೊಡೇ’ಯಲ್ಲಿ. ಮಗು ಎದುರಿಗಿಲ್ಲದಾಗ ಅವರನ್ನು ಮೊದಲೇ ಒಪ್ಪಿಸಿಡಿ. ಹಾಂ, ನಿಮ್ಮ ಫೋನೂ ಬೀರು ಮೇಲೆಯೇ ಇರಲಿ.