ಹಸಿರು ಮಣೂಕದ ಬಣ್ಣ ಉಳಿಯುವುದು ಮೊದಲ ಮೂರು ದಿನದಲ್ಲಿ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಇಂಡಿ ಕಡೆಯ ದ್ರಾಕ್ಷಿ ಪಡಗಳಲ್ಲಿ ಫೆಬ್ರುವರಿ ಬಂತೆಂದರೆ ಕೆಲಸವೆಲ್ಲ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡಿನ ಕಡೆ ಹೊರಳುತ್ತದೆ. ರ‍್ಯಾಕಿನ ಮೇಲೆ ಹರಡಿದ ಹಣ್ಣು ಹಸಿರಾಗಿ ಇಳಿದರೆ ಒಂದು ದರ, ಕಂದಾಗಿ ಇಳಿದರೆ ಇನ್ನೊಂದು. ಬಣ್ಣ ಕೆಟ್ಟ ಮೇಲೆ ಗಂಧಕದ ಹೊಗೆ ಹೆಚ್ಚು ಕೊಟ್ಟು ಸರಿಪಡಿಸಲು ನೋಡುವವರು ಬಹಳ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಣ್ಣನ್ನು ದ್ರಾವಣದಲ್ಲಿ ಅದ್ದುವ ದಿನ ಮತ್ತು ಅದರ ಮುಂದಿನ ಎರಡು ದಿನ ಏನು ಮಾಡುತ್ತೀರಿ ಎಂಬುದರ ಮೇಲೆಯೇ ಬಣ್ಣದ ಬಹುಪಾಲು ನಿಂತಿದೆ.

ಮೊದಲು ಹಣ್ಣಿನ ಮಾತು. ನಮ್ಮ ಕಡೆ ಮಣೂಕಕ್ಕೆ ಬಳಸುವ ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್ ಎಲ್ಲವೂ ಥಾಮ್ಸನ್ ಸೀಡ್‌ಲೆಸ್ ಬಳ್ಳಿಯಿಂದಲೇ ಸಾಂಗ್ಲಿ, ಸೊಲ್ಲಾಪುರ ಭಾಗದಲ್ಲಿ ಆರಿಸಿ ಬೆಳೆಸಿದ ತಳಿಗಳು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವಿಕೆ, ಮಾಡಿದ ಪಡ ಫೆಬ್ರುವರಿ-ಮಾರ್ಚ್‌ನಲ್ಲಿ ಕೊಯ್ಲಿಗೆ ಬರುತ್ತದೆ. ತಿನ್ನುವ ದ್ರಾಕ್ಷಿಗೆ 18 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಸಿಹಿ ಸಾಕು, ಮಣೂಕಕ್ಕೆ 22ರಿಂದ 24 ಬೇಕು. ಸಿಹಿ ಇಷ್ಟಿದ್ದರೆ ನಾಲ್ಕು ಕಿಲೋ ಹಸಿ ಹಣ್ಣಿಗೆ ಸುಮಾರು ಒಂದು ಕಿಲೋ ಮಣೂಕ ಬರುತ್ತದೆ. 18ಕ್ಕೇ ಕೊಯ್ದರೆ ಐದು ಕಿಲೋ ಹತ್ತಿರ ಹೋಗುತ್ತದೆ, ಕಾಳೂ ಸೊರಗಿ ಚಪ್ಪಟೆಯಾಗುತ್ತದೆ. ಬ್ರಿಕ್ಸ್ ಮೀಟರಿನಲ್ಲಿ ಗೊನೆಯ ತುದಿಯ ಕಾಳನ್ನು ನೋಡಿ. ಭುಜದ, ಅಂದರೆ ಗೊನೆಯ ಮೇಲ್ಭಾಗದ, ಕಾಳು ಯಾವಾಗಲೂ ಹೆಚ್ಚು ಸಿಹಿ ಇರುತ್ತದೆ, ಅದನ್ನು ನಂಬಿ ಕೊಯ್ದರೆ ಮೋಸ ಹೋಗುತ್ತೀರಿ. ಕೊಯ್ಲಿಗೆ ಎಂಟು-ಹತ್ತು ದಿನ ಮುಂಚೆ ನೀರು ಕಡಿಮೆ ಮಾಡಿ. ಕಾಳು ದಪ್ಪವಾಗಲು ಕೊಡುವ ಜಿಬ್ಬರೆಲಿಕ್ ಆಮ್ಲವನ್ನೂ ತಿನ್ನುವ ದ್ರಾಕ್ಷಿಗೆ ಕೊಟ್ಟಷ್ಟು ಕೊಡಬೇಡಿ, ಸಿಪ್ಪೆ ದಪ್ಪವಾದರೆ ಒಣಗಲು ಹೆಚ್ಚು ದಿನ ಹಿಡಿಯುತ್ತದೆ.

ಕಾಳಿನ ಮೇಲೆ ಬೂದಿಯಂತೆ ಕಾಣುವುದು ಮೇಣ. ಬೆರಳಿಂದ ಒಮ್ಮೆ ಒರೆಸಿದರೆ ಅಡಿಯ ಸಿಪ್ಪೆ ಮಿರಮಿರ ಮಿಂಚುತ್ತದೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಆ ಮೇಣದ ಪದರ ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಏನೂ ಹಚ್ಚದೆ ನೆರಳಲ್ಲಿ ಇಟ್ಟ ಹಣ್ಣು ಒಣಗಲು ತಿಂಗಳು ಹಿಡಿಯಬಹುದು, ಅಷ್ಟರಲ್ಲಿ ಕಂದಾಗುತ್ತದೆ. ಮೇಣದ ಸಂದು ಬಿಡಿಸಲೆಂದೇ ಅದ್ದುವುದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ರೈತರು ಕಟ್ಟಿಗೆ ಬೂದಿಯ ತಿಳಿನೀರಿಗೆ ಆಲಿವ್ ಎಣ್ಣೆ ಬೆರೆಸಿ ಇದನ್ನೇ ಸಾವಿರಾರು ವರ್ಷಗಳಿಂದ ಮಾಡುತ್ತ ಬಂದರು. ಬೂದಿಯ ಜಾಗಕ್ಕೆ ಈಗ ಪೊಟ್ಯಾಷಿಯಂ ಕಾರ್ಬೋನೇಟ್, ಎಣ್ಣೆಯ ಜಾಗಕ್ಕೆ ಡಿಪ್ಪಿಂಗ್ ಆಯಿಲ್, ಅಂದರೆ ಈಥೈಲ್ ಓಲಿಯೇಟ್ ಬಂದಿದೆ.

100 ಲೀಟರ್ ನೀರಿಗೆ 2.5 ಕಿಲೋ ಪೊಟ್ಯಾಷಿಯಂ ಕಾರ್ಬೋನೇಟ್, 1.5 ಲೀಟರ್ ಡಿಪ್ಪಿಂಗ್ ಆಯಿಲ್. ಮೊದಲು ಪುಡಿಯನ್ನು ಪೂರ್ತಿ ಕರಗಿಸಿ. ಆಮೇಲೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಜೋರಾಗಿ ಕಲಕಿ. ಬರೀ ನೀರಿಗೆ ಎಣ್ಣೆ ಸುರಿದು ಮೇಲೆ ಪುಡಿ ಹಾಕಿದರೆ ಎರಡೂ ಕೂಡುವುದಿಲ್ಲ. ದ್ರಾವಣ ಹಾಲಿನಂತೆ ಬೆಳ್ಳಗಾಗಬೇಕು, ಹತ್ತು ನಿಮಿಷ ಬಿಟ್ಟರೂ ಮೇಲೆ ಎಣ್ಣೆ ಪದರ ಕಟ್ಟಬಾರದು. ಕಟ್ಟಿತೆಂದರೆ ಬಹುತೇಕ ತಪ್ಪು ನೀರಿನದು. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿನ ಸುಣ್ಣದ ಅಂಶ ಕಾರ್ಬೋನೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕಿಳಿಯುತ್ತದೆ, ದ್ರಾವಣ ಒಡೆಯುತ್ತದೆ. ಕೃಷಿ ಹೊಂಡದ ಮಳೆನೀರು ಇದ್ದರೆ ಸೋಸಿ ಅದನ್ನೇ ಬಳಸಿ. ಇಲ್ಲವಾದರೆ ಹಿಂದಿನ ರಾತ್ರಿ ಬೋರ್ ನೀರಿಗೆ ಸ್ವಲ್ಪ ಕಾರ್ಬೋನೇಟ್ ಹಾಕಿಟ್ಟು, ಬೆಳಗ್ಗೆ ಮೇಲಿನ ತಿಳಿ ಬಗ್ಗಿಸಿಕೊಂಡು ಆ ನೀರಿನಲ್ಲಿ ದ್ರಾವಣ ಮಾಡಿ.

ದ್ರಾವಣದ ಪಿಎಚ್ (ಹುಳಿ-ಕ್ಷಾರದ ಅಳತೆ) 11ರ ಆಸುಪಾಸು ಇರಬೇಕು. ಒಡೆದ ಕಾಳಿನ ಹುಳಿರಸ ಬೆರೆಯುತ್ತ ಹೋದಂತೆ ಅದು ಇಳಿಯುತ್ತದೆ. ಪಿಎಚ್ ಕಾಗದ ಅಗ್ಗ, ಪ್ರತಿ ಹತ್ತು-ಹದಿನೈದು ಕ್ರೇಟಿಗೊಮ್ಮೆ ಅದ್ದಿ ನೋಡಿ. 10ಕ್ಕಿಂತ ಕೆಳಗೆ ಬಂದರೆ ಆ ನೀರು ಚೆಲ್ಲಿ ಹೊಸದು ಮಾಡಿ. ಸಂಜೆವರೆಗೆ ಅದೇ ದ್ರಾವಣದಲ್ಲಿ ಎಳೆದರೆ ಬೆಳಗಿನ ಹಣ್ಣು ಹನ್ನೆರಡು ದಿನಕ್ಕೆ ಒಣಗುತ್ತದೆ, ಸಂಜೆಯ ಹಣ್ಣು ಇಪ್ಪತ್ತು ದಿನಕ್ಕೂ ಹಸಿ ಉಳಿಯುತ್ತದೆ; ಎರಡೂ ಒಂದೇ ರ‍್ಯಾಕಿನಲ್ಲಿ ಬೆರೆತರೆ ಮಾಲು ಬೇರ್ಪಡಿಸುವುದೇ ಒಂದು ಕೆಲಸವಾಗುತ್ತದೆ.

ಕೊಯ್ದ ಹಣ್ಣನ್ನು ಅದೇ ದಿನ ಅದ್ದಬೇಕು. ಕೊಳೆತ, ಒಡೆದ ಕಾಳು ತೆಗೆದು, ಕ್ರೇಟ್ ಸಮೇತ ಒಳ್ಳೆಯ ನೀರಿನಲ್ಲಿ ತೊಳೆದು ಬಸಿಯಿರಿ. ನಂತರ ದ್ರಾವಣದಲ್ಲಿ 2ರಿಂದ 4 ನಿಮಿಷ ಮುಳುಗಿಸಿ. ಕ್ರೇಟನ್ನು ಕುಲುಕಬೇಡಿ, ಎಸೆಯಬೇಡಿ. ಕಾಳು ಜಜ್ಜಿದರೆ ಒಳಗಿನ ಕಿಣ್ವ ಗಾಳಿಗೆ ಸಿಕ್ಕಿ ಅಲ್ಲಿಂದಲೇ ಕಂದು ಹಬ್ಬುತ್ತದೆ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ. ಕೈಗೆ ರಬ್ಬರ್ ಗವಸು ಕಡ್ಡಾಯ. ಈ ಕ್ಷಾರ ಚರ್ಮ ಸುಡುತ್ತದೆ.

ಶೆಡ್ಡನ್ನು ಗಾಳಿ ಅಡ್ಡಲಾಗಿ ಹಾಯ್ದು ಹೋಗುವಂತೆ ಕಟ್ಟಿರಬೇಕು. ಮೇಲೆ ಪ್ಲಾಸ್ಟಿಕ್ ಹೊದಿಕೆ, ಪಕ್ಕಕ್ಕೆ ಶೇಡ್‌ನೆಟ್, ಒಳಗೆ ಒಂದಡಿ ಅಂತರದಲ್ಲಿ ಹತ್ತು-ಹನ್ನೆರಡು ಅಂತಸ್ತು ಜಾಳಿಗೆ. ಗೊನೆಗಳನ್ನು ಒಂದೇ ಪದರ ಹರಡಿ. ಜಾಗ ಉಳಿಸಲು ಒಂದರ ಮೇಲೊಂದು ಹಾಕಿದರೆ ಅಡಿಯ ಗೊನೆ ಬೆವತು ಬೂಸ್ಟು ಹಿಡಿಯುತ್ತದೆ. ನೇರ ಬಿಸಿಲು ಒಂದು ತಾಸು ಬಿದ್ದರೂ ಆ ಮಗ್ಗುಲಿನ ಕಾಳು ಕಂದಾಗುತ್ತದೆ, ಆದ್ದರಿಂದ ಪಡುವಣ ಬದಿಯ ನೆಟ್ ಮಧ್ಯಾಹ್ನದ ಮೇಲೆ ಪೂರ್ತಿ ಇಳಿದಿರಲಿ.

ಮೂರನೆಯ ದಿನ ಅರ್ಧ ಬಲದ ದ್ರಾವಣವನ್ನು, ಲೀಟರಿಗೆ 12 ಗ್ರಾಂ ಪುಡಿ, 7 ಮಿಲಿ ಎಣ್ಣೆಯಂತೆ, ಗೊನೆಯ ಅಡಿಭಾಗಕ್ಕೂ ತಾಗುವ ಹಾಗೆ ಸಿಂಪಡಿಸಿ. ಅದ್ದುವಾಗ ಕಾಳು ಕಾಳಿಗೆ ಒತ್ತಿಕೊಂಡಿದ್ದ ಜಾಗಕ್ಕೆ ದ್ರಾವಣ ಹೋಗಿರುವುದಿಲ್ಲ. ಗೊನೆ ಸ್ವಲ್ಪ ಸೊರಗಿದ ಮೇಲೆ ಆ ಸಂದು ತೆರೆಯುತ್ತದೆ. ಇದನ್ನು ಬಿಟ್ಟವರ ಮಾಲಿನಲ್ಲಿ ಅರ್ಧ ಹಸಿರು, ಅರ್ಧ ಕಂದು ಕಾಳು ಸಿಗುತ್ತದೆ.

ಮಳೆ ಮೋಡ ಕಂಡರೆ ಸುತ್ತ ತಾಡಪತ್ರಿ ಇಳಿಸಿ, ನಿಂತ ಕೂಡಲೇ ಎತ್ತಿ. ರಾತ್ರಿಯಿಡೀ ಮುಚ್ಚಿಟ್ಟ ಶೆಡ್ಡಿನಲ್ಲಿ ಹನಿಯೇ ಬೀಳದಿದ್ದರೂ ಹಣ್ಣು ತನ್ನ ತೇವಕ್ಕೇ ಕೆಡುತ್ತದೆ.

ಒಣ ಹವೆಯಲ್ಲಿ 12ರಿಂದ 15 ದಿನಕ್ಕೆ ಮಣೂಕ ಸಿದ್ಧ. ತೇವ 13ರಿಂದ 15 ಶೇಕಡಾ ಇರಬೇಕು. ಮುಷ್ಟಿ ತುಂಬ ಹಿಡಿದು ಗಟ್ಟಿ ಒತ್ತಿ ಬಿಡಿ: ಕಾಳು ಬಿಡಿಬಿಡಿಯಾಗಿ ಉದುರಿದರೆ ಸರಿ, ಉಂಡೆ ಕಟ್ಟಿದರೆ ಇನ್ನೆರಡು ದಿನ ಬೇಕು. ಹೆಚ್ಚು ಒಣಗಿಸಿದರೂ ನಷ್ಟವೇ. 15 ಶೇಕಡಾ ತೇವದ ಒಂದು ಕ್ವಿಂಟಲ್ ಮಾಲನ್ನು 10ಕ್ಕೆ ಇಳಿಸಿದರೆ ತೂಕದಲ್ಲಿ ಐದೂವರೆ ಕಿಲೋ ಹೋಯಿತು.

ತೊಟ್ಟು ಬಿಡಿಸಿ, ತೂರಿ, ಸ್ವಚ್ಛ ನೀರಿನಲ್ಲಿ ಬೇಗನೆ ತೊಳೆದು ನೆರಳಲ್ಲಿ ಆರಿಸಿ. ಗಂಧಕ ಕೊಡುವುದಾದರೆ ಕಾಳಿಗೆ ಇನ್ನೂ ಪಸೆ ಇರುವಾಗ, ಕಿಲೋಗೆ 2 ಗ್ರಾಂ ದಾಟದಂತೆ, ಮುಚ್ಚಿದ ಕೋಣೆಯಲ್ಲಿ ಕೊಡಿ. ಬಾಗಿಲು ತೆರೆದು ಹೊಗೆ ಹೋಗುವವರೆಗೆ ಯಾರೂ ಒಳಗೆ ಕಾಲಿಡಬಾರದು. ಗಂಧಕ ಹೆಚ್ಚಾದ ಮಣೂಕ ಬಾಯಿಗೆ ಕಟುವಾಗುತ್ತದೆ, ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ.

ಉದ್ದನೆಯ ಹಸಿರು ಕಾಳು, ಹಳದಿ, ಕಂದು ಎಂದು ಬೇರ್ಪಡಿಸಿ 15 ಕಿಲೋ ಪೆಟ್ಟಿಗೆಯಲ್ಲಿ ತುಂಬಿ, 4-5 ಡಿಗ್ರಿಯ ಕೋಲ್ಡ್ ಸ್ಟೋರೇಜಿಗೆ ಕಳಿಸಿ. ಮನೆಯ ಬಿಸಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬಣ್ಣ ಕುಂದುತ್ತದೆ, ಹುಳು ಬೀಳುತ್ತದೆ. ವಿಜಯಪುರ ಎಪಿಎಂಸಿಗಾಗಲಿ, ಮಹಾರಾಷ್ಟ್ರದ ತಾಸಗಾಂವಿಗಾಗಲಿ ಲಿಲಾವಿಗೆ (ಹರಾಜಿಗೆ) ಒಯ್ಯುವ ದಿನ ಪೆಟ್ಟಿಗೆಯನ್ನು ಹೊರಗೆ ತಂದ ಕೂಡಲೇ ಬಿಚ್ಚಬೇಡಿ. ತಣ್ಣಗಿನ ಕಾಳಿನ ಮೇಲೆ ಹೊರಗಿನ ಗಾಳಿಯ ತೇವ ಹನಿಗಟ್ಟಿ ಮಾಲು ಅಂಟಂಟಾಗುತ್ತದೆ. ಮುಚ್ಚಿದ ಹಾಗೆಯೇ ಒಂದು ರಾತ್ರಿ ನೆರಳಲ್ಲಿಟ್ಟು, ಬೆಳಗ್ಗೆ ತೆರೆಯಿರಿ.