ಯೂಟ್ಯೂಬ್‌ಗೆ ಹಾಕೋ ಮುಂಚೆ ವಿಡಿಯೋ ಸೌಂಡ್ ಒಂದೇ ಮಟ್ಟಕ್ಕೆ ತರೋದು ಹೇಗೆ

ನಮ್ಮ ದೊಡ್ಡಮ್ಮನ ಅಡುಗೆ ವಿಡಿಯೋ ಎಲ್ಲಾ ಎಡಿಟ್ ಮಾಡೋದು ನಾನೇ. ಶುರುವಲ್ಲಿ ನೋಡ್ದವರೆಲ್ಲಾ ಒಂದೇ ಮಾತು ಹೇಳೋರು, ಅವ್ರು ಮಾತಾಡೋದು ಕೇಳ್ಸಲ್ಲ ಅಂತ ವಾಲ್ಯೂಮ್ ಜಾಸ್ತಿ ಮಾಡ್ಕೊಂಡ್ರೆ ಒಗ್ಗರಣೆಗೆ ಸಾಸಿವೆ ಹಾಕಿದ ತಕ್ಷಣ ಕಿವಿಗೆ ಹೊಡ್ದಂಗಾಗತ್ತೆ ಅಂತ. ಆಮೇಲೆ ಕೂತು ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಮೊದ್ಲು ಇದು ತಿಳ್ಕೊಳ್ಳಿ, ಯೂಟ್ಯೂಬ್ ಸುಮಾರು -14 ಲಫ್ಸ್ ಅನ್ನೋ ಮಟ್ಟ ಇಟ್ಕೊಂಡಿದೆ, ಅದಕ್ಕಿಂತ ಜೋರಾಗಿದ್ರೆ ಅದೇ ಇಳಿಸತ್ತೆ, ಮೆಲ್ಲಗಿದ್ರೆ ಏರ್ಸೋದಿಲ್ಲ. ಲಫ್ಸ್ ಅಂದ್ರೆ ನಮ್ಮ ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ಸತ್ತೆ ಅನ್ನೋ ಅಳತೆ. ಆದ್ರಿಂದ ಬರೀ ಪೀಕ್ (ಒಂದು ಕ್ಷಣಕ್ಕೆ ಬರೋ ಅತಿ ಜೋರು ಸದ್ದು) ನೋಡಿ ಅದನ್ನ ಸೊನ್ನೆ ಹತ್ರ (ಸದ್ದು ಒಡೆಯೋ ಮುಂಚಿನ ಗರಿಷ್ಠ ಮಟ್ಟ) ತಂದ್ರೆ ಉಪಯೋಗ ಇಲ್ಲ, ಪಾತ್ರೆ ಕೆಳಗೆ ಬಿದ್ದ ಒಂದು ಸದ್ದು ಸಾಕು ಪೀಕ್ ಮುಟ್ಟೋಕೆ, ಮಾತು ಅಲ್ಲೇ ಕೆಳಗೆ ಉಳ್ಕೊಳ್ಳತ್ತೆ.

ರೆಕಾರ್ಡ್ ಮಾಡೋವಾಗ ಮಾತು -12 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಆಸುಪಾಸಲ್ಲಿ ಇರ್ಲಿ. ಕಾಲರ್ ಮೈಕ್ ಇದ್ರೆ ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಸೀರೆ ಸೆರಗು ಉಜ್ಜದ ಹಾಗೆ ನೋಡ್ಕೊಳ್ಳಿ.

ಎಡಿಟಿಂಗಲ್ಲಿ ಜಾಸ್ತಿ ಟೈಮ್ ಕೊಡ್ಬೇಕಾಗಿರೋದು ಕ್ಲಿಪ್‌ಗಳನ್ನ ಸಮ ಮಾಡೋದಕ್ಕೆ. ಮಾತಿನ ಟ್ರ್ಯಾಕ್, ಅಡುಗೆ ಸದ್ದು, ಮ್ಯೂಸಿಕ್ ಬೇರೆ ಬೇರೆ ಇಡಿ. ಒಲೆ ಕಡೆ ತಿರುಗಿ ಮಾತಾಡಿರೋ ಕ್ಲಿಪ್ಪನ್ನ ಕೈಯಾರೆ ಏರ್ಸಿ, ಮಿಕ್ಸಿ ಓಡೋ ಜಾಗ ಚೆನ್ನಾಗಿ ಇಳಿಸಿ, ಇದು ಬೇಜಾರಿನ ಕೆಲ್ಸ ನಿಜ ಆದ್ರೆ ಇದನ್ನ ಬಿಟ್ಟು ಕಂಪ್ರೆಸರ್ (ಜೋರು ಸದ್ದನ್ನ ತಾನೇ ತಗ್ಗಿಸೋ ಎಫೆಕ್ಟ್) ಮೇಲೆ ಭಾರ ಹಾಕಿದ್ರೆ ಮಾತಿನ ಮಧ್ಯೆ ಫ್ಯಾನ್ ಸದ್ದು ಉಸಿರಾಡ್ದಂಗೆ ಮೇಲೆ ಕೆಳಗೆ ಆಗತ್ತೆ. ಆಮೇಲೆ ಮಾತಿಗೆ ಮಾತ್ರ 80 ಹರ್ಟ್ಸ್ ಕೆಳಗಿನ ಗುಂಯ್ ಅನ್ನೋ ತಗ್ಗು ಸದ್ದನ್ನ ಕಟ್ ಮಾಡಿ, 3:1 ಕಂಪ್ರೆಸರ್ (ಮಿತಿ ದಾಟಿದ ಪ್ರತಿ 3 ಡಿಬಿನ 1 ಮಾಡತ್ತೆ) ಹಾಕಿ, ಜೋರು ಜಾಗದಲ್ಲಿ 3ರಿಂದ 6 ಡಿಬಿ ಇಳಿದ್ರೆ ಸಾಕು. ಮ್ಯೂಸಿಕ್ ಮಾತಿಗಿಂತ 18-20 ಡಿಬಿ ಕೆಳಗೆ.

ಈಗ ಪೂರ್ತಿ ವಿಡಿಯೋ ಮೊದ್ಲಿಂದ ಕೊನೇವರೆಗೂ ಓಡ್ಸಿ ಇಂಟಿಗ್ರೇಟೆಡ್ ಲಫ್ಸ್ (ಇಡೀ ವಿಡಿಯೋದ ಸರಾಸರಿ ಜೋರು) ನೋಡಿ. ಡಾವಿಂಚಿ ರಿಸಾಲ್ವ್‌ನ ಫೇರ್‌ಲೈಟ್ ಪೇಜಲ್ಲಿ ಮೀಟರ್ ಇದೆ, ಬೇರೆ ಎಡಿಟರ್ ಆದ್ರೆ ಯೂಲೀನ್ ಮೀಟರ್ ಫ್ರೀ ಸಿಗತ್ತೆ. ಮೀಟರ್ -21 ತೋರ್ಸಿದ್ರೆ -14ಕ್ಕೆ ತರೋಕೆ 7 ಡಿಬಿ ಏರ್ಸಬೇಕು. ಆದ್ರೆ ಪೀಕ್ ಆಗ್ಲೇ -3 ಇದ್ರೆ 7 ಸೇರಿ +4 ಆಗಿ ಒಡ್ದೋಗತ್ತೆ, ಅದಕ್ಕೇ ಕೊನೇಲಿ ಲಿಮಿಟರ್ (ಸದ್ದು ಒಂದು ಮಿತಿ ದಾಟದ ಹಾಗೆ ತಡೆಯೋ ಎಫೆಕ್ಟ್) ಹಾಕಿ ಟ್ರೂ ಪೀಕ್ (ಪ್ಲೇ ಆಗೋವಾಗ ನಿಜಕ್ಕೂ ಬರೋ ಪೀಕ್) -1ಕ್ಕೆ ನಿಲ್ಲಿಸಿ, ಮತ್ತೆ ಒಂದ್ಸಲ ಅಳೀರಿ. ಅದೇ ಆಡಿಯೋನ ಪಾಡ್‌ಕಾಸ್ಟ್ ಮಾಡೋದಾದ್ರೆ ಆಪಲ್ ಕೇಳೋದು -16.

ಎಕ್ಸ್‌ಪೋರ್ಟ್ 48 ಕಿಲೋಹರ್ಟ್ಸ್, ಎಎಸಿ ಅನ್ನೋ ಆಡಿಯೋ ಫಾರ್ಮ್ಯಾಟ್. ಹೆಡ್‌ಫೋನಲ್ಲಿ ಕೇಳಿ ಖುಷಿ ಪಟ್ಟು ಸುಮ್ನಾಗ್ಬೇಡಿ, ಫೋನ್ ಸ್ಪೀಕರಲ್ಲಿ ಕೇಳಿ, ಜನ ಅಡುಗೆಮನೇಲಿ ಫೋನ್ ಗೋಡೆಗೆ ಒರಗಿಸಿ ತಾನೆ ನೋಡೋದು.

ಅಪ್‌ಲೋಡ್ ಮಾಡೋವಾಗ ಮೊದ್ಲು ಪ್ರೈವೇಟ್ ಇಡಿ. ಕಂಪ್ಯೂಟರಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆಗೆದ್ರೆ ಕಂಟೆಂಟ್ ಲೌಡ್‌ನೆಸ್ ಅಂತ ಕಾಣತ್ತೆ, ಸೊನ್ನೆ ಹತ್ರ ಇದ್ರೆ ಸರಿ, -5 ಥರ ಬಂದ್ರೆ ಇನ್ನೂ ಮೆಲ್ಲಗಿದೆ ಅಂತ. ಪಬ್ಲಿಕ್ ಮಾಡೋ ಮುಂಚೇನೇ ನೋಡ್ಬಿಡಿ, ಯಾಕಂದ್ರೆ ಅದೇ ಲಿಂಕಲ್ಲಿ ಬೇರೆ ಫೈಲ್ ಹಾಕೋಕೆ ಯೂಟ್ಯೂಬ್ ಬಿಡಲ್ಲ.