ಎರಡು ಸ್ವಿಚ್, ಎರಡು ಡೈರೆಕ್ಟರ್: ಫೇಲ್‌ಓವರ್ ಎಲ್ಲಿ ಕೈಕೊಡುತ್ತದೆ

ನಾಲ್ಕು ವೆಬ್ ಸರ್ವರ್, ಅವುಗಳ ಮುಂದೆ ಕೇಳಿಕೆಗಳನ್ನು ಹಂಚುವ ಎರಡು ಲಿನಕ್ಸ್ ಡೈರೆಕ್ಟರ್, ಎಲ್ಲವನ್ನೂ ಜೋಡಿಸಲು ಎರಡು ಸ್ವಿಚ್. ದುಬಾರಿ ಲೋಡ್ ಬ್ಯಾಲೆನ್ಸರ್ ಕೊಳ್ಳದೆ ನಾನು ಕಟ್ಟುವುದು ಇಷ್ಟನ್ನೇ. ಕರ್ನಲ್‌ನಲ್ಲೇ ಇರುವ ಐಪಿವಿಎಸ್ ಸಂಪರ್ಕಗಳನ್ನು ಹಂಚುತ್ತದೆ, ಕೀಪ್‌ಅಲೈವ್‌ಡಿ ಕಾವಲು ಕಾದು, ಒಂದು ಡೈರೆಕ್ಟರ್ ಬಿದ್ದರೆ ಇನ್ನೊಂದಕ್ಕೆ ಕೆಲಸ ವಹಿಸುತ್ತದೆ (ಇದೇ ಫೇಲ್‌ಓವರ್). ಇವುಗಳ ಕಾನ್ಫಿಗರೇಶನ್ ಬೇಗ ಮುಗಿಯುತ್ತದೆ. ತಾಪತ್ರಯ ಇರುವುದು ಅದರ ಕೆಳಗೆ, ಸ್ವಿಚ್ ಪೋರ್ಟ್ ಮತ್ತು ಆರ್ಪ್ ಟೇಬಲ್‌ಗಳಲ್ಲಿ (ಯಾವ ಐಪಿಗೆ ಯಾವ ಮ್ಯಾಕ್, ಅಂದರೆ ನೆಟ್‌ವರ್ಕ್ ಕಾರ್ಡ್‌ನ ವಿಳಾಸ, ಎಂಬ ಪಟ್ಟಿ).

ಮೊದಲು ಕೇಬಲ್. ಪ್ರತಿ ಯಂತ್ರಕ್ಕೂ ಎರಡು ನೆಟ್‌ವರ್ಕ್ ಕಾರ್ಡ್, ಒಂದೊಂದು ಸ್ವಿಚ್‌ಗೆ ಒಂದೊಂದು. ಸ್ವಿಚ್‌ಗಳು ಸ್ಟ್ಯಾಕ್ ಅಥವಾ ಎಂಲ್ಯಾಗ್ ಆಗಿ ಒಂದೇ ಸ್ವಿಚ್‌ನಂತೆ ವರ್ತಿಸದಿದ್ದರೆ ಎಲ್‌ಎಸಿಪಿ (ಹಲವು ಲಿಂಕ್‌ಗಳನ್ನು ಒಂದಾಗಿಸುವ ವಿಧಾನ) ಬೇಡ. ಎರಡು ಕಾರ್ಡನ್ನು ಒಂದಾಗಿಸುವ ಲಿನಕ್ಸ್ ಬಾಂಡಿಂಗ್‌ನ ಆ್ಯಕ್ಟಿವ್-ಬ್ಯಾಕಪ್ ಮೋಡ್ (ಒಂದು ಕೆಲಸ ಮಾಡುವಾಗ ಇನ್ನೊಂದು ಕಾಯುತ್ತದೆ) ಸಾಕು. ಅದರ ಲಿಂಕ್ ಪರೀಕ್ಷೆಯಾದ ಮಿಮಾನ್ 100 ಹಾಕಿದರೆ 100 ಮಿಲಿಸೆಕೆಂಡಿಗೊಮ್ಮೆ ಲಿಂಕ್ ನೋಡುತ್ತದೆ. ಆದರೆ ಸ್ವಿಚ್ ಹ್ಯಾಂಗ್ ಆದಾಗ ಪೋರ್ಟಿನ ದೀಪ ಉರಿಯುತ್ತಲೇ ಇರಬಹುದು, ಪ್ಯಾಕೆಟ್ ಮಾತ್ರ ಹೋಗುವುದಿಲ್ಲ. ಹಾಗಾಗಿ ಮಿಮಾನ್ ತೆಗೆದು, ಗೇಟ್‌ವೇಯನ್ನು (ಹೊರದಾರಿಯ ರೂಟರ್) ಗುರಿಯಾಗಿಟ್ಟು, ಅದು ಉತ್ತರಿಸುವುದೇ ಎಂದು ನೋಡುವ ಆರ್ಪ್ ಮಾನಿಟರ್ ಹಾಕುವುದೇ ನನಗೆ ಮೇಲು ಅನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಬಾರದು.

ಸರ್ವರ್ ಇರುವ ಪೋರ್ಟ್‌ಗಳನ್ನೆಲ್ಲ ಎಡ್ಜ್ ಪೋರ್ಟ್ (ಕಾಯದೆ ತೆರೆಯುವ ಪೋರ್ಟ್) ಮಾಡಿ. ಸ್ವಿಚ್‌ಗಳ ನಡುವೆ ಪ್ಯಾಕೆಟ್ ಸುತ್ತದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಲಿಂಕ್ ಬಂದ ಮೇಲೆ ಕೇಳಲು 15, ಕಲಿಯಲು 15, ಒಟ್ಟು 30 ಸೆಕೆಂಡು ಪೋರ್ಟ್ ಏನನ್ನೂ ದಾಟಿಸುವುದಿಲ್ಲ. ಆಗಷ್ಟೇ ಬೂಟ್ ಆದ ಡೈರೆಕ್ಟರಿಗೆ ಇನ್ನೊಂದರ ವಿಆರ್‌ಆರ್‌ಪಿ ಸಂದೇಶ (‘ಮಾಸ್ಟರ್ ನಾನೇ, ಬದುಕಿದ್ದೇನೆ’ ಎಂಬ ಸಾರುವಿಕೆ) ಕೇಳಿಸದೆ ತಾನೇ ಮಾಸ್ಟರ್ ಎಂದು ಕೂರುತ್ತದೆ. ಪೋರ್ಟ್ ತೆರೆದಾಗ ಮಾಸ್ಟರ್‌ಗಳು ಇಬ್ಬರು!

ಕೀಪ್‌ಅಲೈವ್‌ಡಿಯಲ್ಲಿ ಎರಡೂ ಕಡೆ ಆರಂಭದ ಸ್ಥಿತಿ ಬ್ಯಾಕಪ್ ಇರಲಿ, ಪ್ರಯಾರಿಟಿ 150 ಮತ್ತು 100, ಜೊತೆಗೆ ನೋಪ್ರಿಎಂಪ್ಟ್. ಬಿದ್ದ ಯಂತ್ರ ಎದ್ದು ಬಂದ ಕೂಡಲೇ ವರ್ಚುವಲ್ ಐಪಿ (ಬಳಕೆದಾರರು ತಲುಪುವ, ಮಾಸ್ಟರ್ ಬಳಿಯಿರುವ ವಿಳಾಸ) ಕಿತ್ತುಕೊಳ್ಳುವುದು ಇದರಿಂದ ತಪ್ಪುತ್ತದೆ. ಸೆಕೆಂಡಿಗೊಂದು ಸಂದೇಶವಿದ್ದರೆ, ಪ್ರಯಾರಿಟಿ 100ರ ಯಂತ್ರ ಸುಮಾರು 3.6 ಸೆಕೆಂಡು ಕಾದು ಅಧಿಕಾರ ವಹಿಸಿಕೊಳ್ಳುತ್ತದೆ. ರೂಟರ್‌ಗಳೂ ವಿಆರ್‌ಆರ್‌ಪಿ ಬಳಸುತ್ತಿರಬಹುದು, ಆದ್ದರಿಂದ ಆ ವಿಲ್ಯಾನ್‌ನಲ್ಲಿ (ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಬೇರೆ ಯಾರೂ ಬಳಸದ ವಿಆರ್‌ಆರ್‌ಪಿ ಐಡಿ ಆರಿಸಿ. ಸ್ವಿಚ್‌ನ ಐಜಿಎಂಪಿ ಸ್ನೂಪಿಂಗ್ (ಮಲ್ಟಿಕಾಸ್ಟನ್ನು ಕೇಳಿದ ಪೋರ್ಟ್‌ಗಷ್ಟೇ ಬಿಡುವ ಸೌಲಭ್ಯ) ವಿಆರ್‌ಆರ್‌ಪಿಯ 224.0.0.18 ಮಲ್ಟಿಕಾಸ್ಟನ್ನು ನುಂಗುತ್ತಿದೆ ಎಂಬ ಅನುಮಾನವಿದ್ದರೆ ಯೂನಿಕಾಸ್ಟ್ ಪಿಯರ್ (ಇನ್ನೊಂದರ ವಿಳಾಸಕ್ಕೇ ನೇರ ಸಂದೇಶ) ಹಾಕಿಬಿಡಿ.

ಹಂಚಿಕೆಗೆ ಡೈರೆಕ್ಟ್ ರೂಟಿಂಗ್. ವೆಬ್‌ನಲ್ಲಿ ಕೇಳಿಕೆ ಚಿಕ್ಕದು, ಉತ್ತರ ದೊಡ್ಡದು. ಈ ವಿಧಾನದಲ್ಲಿ ಉತ್ತರ ಡೈರೆಕ್ಟರನ್ನು ಮುಟ್ಟದೆ ನೇರವಾಗಿ ಗೇಟ್‌ವೇಗೆ ಹೋಗುತ್ತದೆ. ಡೈರೆಕ್ಟರ್, ಸರ್ವರ್‌ಗಳು ಒಂದೇ ಲೇಯರ್ 2ರಲ್ಲಿ (ನಡುವೆ ರೂಟರ್ ಇಲ್ಲದ ನೆಟ್‌ವರ್ಕ್) ಇರಬೇಕು, ಪೋರ್ಟ್ ಸಂಖ್ಯೆ ಬದಲಿಸಲಾಗದು: 80ಕ್ಕೆ ಬಂದದ್ದು 80ಕ್ಕೇ ಹೋಗಬೇಕು. ಪ್ರತಿ ವೆಬ್ ಸರ್ವರ್‌ನ ಲೂಪ್‌ಬ್ಯಾಕ್‌ಗೆ (ಯಂತ್ರದೊಳಗಿನ ಇಂಟರ್‌ಫೇಸ್) ವರ್ಚುವಲ್ ಐಪಿಯನ್ನು /32 (ಅದೊಂದೇ ವಿಳಾಸ) ಆಗಿ ಕೊಡಬೇಕು. ಅದಕ್ಕೂ ಮೊದಲೇ, ಸರ್ವರ್ ಆ ಐಪಿ ತನ್ನದೆಂದು ಸಾರದಂತೆ ಆರ್ಪ್ ಇಗ್ನೋರ್ 1, ಆರ್ಪ್ ಅನೌನ್ಸ್ 2 ಆಗಿರಬೇಕು. ಕ್ರಮ ತಪ್ಪಿದರೆ ಗೇಟ್‌ವೇ ಯಾವುದೋ ಒಂದು ವೆಬ್ ಸರ್ವರ್‌ನ ಮ್ಯಾಕ್ ಕಲಿತು ಎಲ್ಲ ಟ್ರಾಫಿಕ್ಕನ್ನೂ ಅದರ ಮೇಲೇ ಹೇರುತ್ತದೆ. ಸೈಟು ತೆರೆಯುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದೇ ವಿಲ್ಯಾನ್‌ನ ಇನ್ನೊಂದು ಯಂತ್ರದಿಂದ ವರ್ಚುವಲ್ ಐಪಿಗೆ ಆರ್ಪಿಂಗ್ (ಆರ್ಪ್ ಮೂಲಕ ಕೇಳುವ ಆಜ್ಞೆ) ಮಾಡಿ ನೋಡಿ. ಉತ್ತರಿಸುವ ಮ್ಯಾಕ್ ಒಂದೇ ಇರಬೇಕು, ಅದು ಮಾಸ್ಟರ್ ಡೈರೆಕ್ಟರಿನದ್ದಾಗಿರಬೇಕು.

ಮಾಸ್ಟರ್ ಬದಲಾದಾಗ ಕೀಪ್‌ಅಲೈವ್‌ಡಿ ಗ್ರಾಟ್ಯೂಟಸ್ ಆರ್ಪ್ (ಯಾರೂ ಕೇಳದೆಯೇ ಹೊಸ ಮ್ಯಾಕ್ ಸಾರುವ ಸಂದೇಶ) ಐದು ಸಲ ಕಳಿಸಿ, ಐದು ಸೆಕೆಂಡು ಬಿಟ್ಟು ಮತ್ತೆ ಐದು ಕಳಿಸುತ್ತದೆ. ಸ್ವಿಚ್‌ನಲ್ಲಿ ಡೈನಾಮಿಕ್ ಆರ್ಪ್ ಇನ್‌ಸ್ಪೆಕ್ಷನ್ (ಪಟ್ಟಿಗೆ ಹೊಂದದ ಆರ್ಪ್ ಸಂದೇಶ ತಡೆಯುವ ಕಾವಲು) ಚಾಲೂ ಇದ್ದರೆ ಸ್ಥಿರ ಐಪಿಗಳು ಡಿಎಚ್‌ಸಿಪಿ ಪಟ್ಟಿಯಲ್ಲಿ ಇಲ್ಲದ ಕಾರಣ ಇವು ಅಲ್ಲೇ ಸಾಯುತ್ತವೆ. ಸಿಸ್ಕೊ ರೂಟರ್‌ನಲ್ಲಿ ಆರ್ಪ್ ನಮೂದಿನ ಡೀಫಾಲ್ಟ್ ಆಯಸ್ಸು 4 ಗಂಟೆ. ಅಷ್ಟೂ ಹೊತ್ತು ಹಳೆಯ ಮ್ಯಾಕ್‌ಗೇ ಪ್ಯಾಕೆಟ್ ಹೋಗುತ್ತಿರಬಹುದು. ಡೈರೆಕ್ಟರ್‌ಗಳ ಪೋರ್ಟ್‌ಗಳನ್ನು ಟ್ರಸ್ಟ್ ಮಾಡಿ, ಇಲ್ಲವೇ ಆರ್ಪ್ ಎಸಿಎಲ್ (ಅನುಮತಿ ಪಟ್ಟಿ) ಬರೆಯಿರಿ.

ಹೆಲ್ತ್ ಚೆಕ್‌ಗೆ ಬರೀ ಟಿಸಿಪಿ ಸಾಲದು; ಅಪ್ಲಿಕೇಶನ್ ಸಿಕ್ಕಿಬಿದ್ದಿದ್ದರೂ ಪೋರ್ಟ್ ತೆರೆದೇ ಇರುತ್ತದೆ. ಐದು ಸೆಕೆಂಡಿಗೊಮ್ಮೆ ಎಚ್‌ಟಿಟಿಪಿ ಕೇಳಿ 200 (ಸರಿ ಎಂಬ ಉತ್ತರ) ಬಂತೇ ನೋಡಿ, ಎರಡು ಸಲ ಮರುಪ್ರಯತ್ನಿಸಿದ ಮೇಲಷ್ಟೇ ತೆಗೆಯಿರಿ. ಆ ಪುಟದೊಳಗೆ ಡೇಟಾಬೇಸ್ ಕ್ವೆರಿ ಇಡುವುದು ನನಗೆ ಸರಿಕಾಣದು: ಡೇಟಾಬೇಸ್ ಸ್ವಲ್ಪ ನಿಧಾನವಾದರೂ ನಾಲ್ಕೂ ಸರ್ವರ್ ಒಟ್ಟಿಗೆ ಪಟ್ಟಿಯಿಂದ ಹೊರಬೀಳುತ್ತವೆ. ಲೀಸ್ಟ್ ಕನೆಕ್ಷನ್ ಕ್ರಮ (ಕಡಿಮೆ ಸಂಪರ್ಕವಿರುವ ಸರ್ವರ್‌ಗೆ ಕೊಡುವುದು) ಬಳಸುವುದಾದರೆ ಮರಳಿ ಬಂದ ಸರ್ವರ್‌ನ ಲೆಕ್ಕ ಸೊನ್ನೆ ಇರುವುದರಿಂದ ಹೊಸ ಸಂಪರ್ಕಗಳೆಲ್ಲ ಅದರ ಮೇಲೆ ಮುಗಿಬೀಳುತ್ತವೆ. ವೇಯ್ಟೆಡ್ ರೌಂಡ್ ರಾಬಿನ್ (ವೇಯ್ಟ್‌ಗೆ ತಕ್ಕಂತೆ ಸರದಿಯಲ್ಲಿ ಹಂಚುವುದು) ಹೆಚ್ಚು ಸಮಾಧಾನದ್ದು. ದುರಸ್ತಿಗೆ ತೆಗೆಯುವಾಗ, ಹೊಸ ಸಂಪರ್ಕ ಬರದಂತೆ ವೇಯ್ಟ್ 0 ಮಾಡಿ. ಹಳೆಯ ಸಂಪರ್ಕ ಮುಗಿಯುವವರೆಗೆ ಕಾಯಿರಿ.

ಪರೀಕ್ಷೆಗೆ ಸರ್ವಿಸ್ ಸ್ಟಾಪ್ ಮಾಡುವುದು ಸಾಲದು. ಮರ್ಯಾದೆಯಿಂದ ನಿಲ್ಲಿಸಿದಾಗ ಮಾಸ್ಟರ್ ಪ್ರಯಾರಿಟಿ 0 ಸಂದೇಶ ಕಳಿಸಿಯೇ ಹೋಗುತ್ತದೆ, ಬ್ಯಾಕಪ್ ಒಂದು ಸೆಕೆಂಡಿನೊಳಗೆ ಎದ್ದುಬಿಡುತ್ತದೆ. ಪವರ್ ಕೇಬಲ್ ಕಿತ್ತು ನೋಡಿ. ಆಮೇಲೆ ಒಂದು ಸ್ವಿಚ್‌ನದ್ದೂ. ಹೊರಗಿನ ಯಂತ್ರದಿಂದ ಸೆಕೆಂಡಿಗೆ ಐದು ಸಲ ಕರ್ಲ್ (ಪುಟ ತರಿಸುವ ಆಜ್ಞೆ) ಓಡುತ್ತಿರಲಿ, ಎಷ್ಟು ವಿಫಲವಾಯಿತು ಎಣಿಸಿ. ಎರಡೂ ಸ್ವಿಚ್ ಒಂದೇ ಯುಪಿಎಸ್‌ಗೆ ಸಿಕ್ಕಿಸಿಲ್ಲ ತಾನೇ ಎಂಬುದನ್ನೂ ಆಗಲೇ ಬಗ್ಗಿ ನೋಡಿಬಿಡಿ.